ಕೂಗಳತೆ

ಶಿಡ್ಲಘಟ್ಟದ ಈ ಓಣಿಗೆ ಹೆಸರಿಲ್ಲ, ವಾಸನೆಯಿದೆ.
ಬೆಂದ ಹುಳ, ಹಸಿ ಸೌದೆಯ ಹೊಗೆ, ನಿಂತ ನೀರು.
ಮೊದಲ ದಿನ ಸೆರಗು ಮೂಗಿಗೊತ್ತಿ ಬಂದವಳು ನಾನು.
ಈಗ ಹನ್ನೊಂದು ವರ್ಷ,
ಹದಿನೆಂಟು ರೀಲರುಗಳ ಲೆಕ್ಕ ಬರೆಯುತ್ತೇನೆ.
ವಾಸನೆ ಬರದ ದಿನ ಎದೆ ಧಸಕ್ಕೆನ್ನುತ್ತದೆ:
ಯಾರ ಒಲೆ ಆರಿತೋ.

ಸಾಲದ ಅರ್ಜಿಯಲ್ಲಿ 'ಘಟಕದ ಸ್ಥಳ' ಎಂಬಲ್ಲಿ
ಒಂದೇ ಗೆರೆ ಬಿಟ್ಟಿರುತ್ತಾರೆ.
ಡೋರ್ ನಂಬರು, ವಾರ್ಡು, ಪಿನ್ ಕೋಡು,
ಅಷ್ಟಕ್ಕೆ ಮುಗಿಯಿತು.
ಲಾಭ ನಷ್ಟಕ್ಕೆ ಮಾತ್ರ ನಾಲ್ಕು ಪುಟ.

ಇನಾಯತುಲ್ಲಾ ಓಣಿ ಬಿಟ್ಟದ್ದು ಮೂರು ಯುಗಾದಿಯ ಹಿಂದೆ.
ಬೈಪಾಸಿನಾಚೆ ಅರ್ಧ ಎಕರೆ, ನೀಲಿ ಶೀಟಿನ ಶೆಡ್ಡು,
ಲಾರಿ ತಿರುಗುವಷ್ಟು ಅಂಗಳ,
ಬಾಡಿಗೆ ಇಲ್ಲಿಯದರ ಮೂರರಲ್ಲೊಂದು ಪಾಲು.
ನಾನೇ ಕೂಡಿ ಕಳೆದು ತೋರಿಸಿದ್ದೆ,
"ಹೋಗಿ ಸಾಹೇಬ್ರೆ, ಲಾಭ ಇದೆ" ಅಂದಿದ್ದೆ.
ಇತ್ತು, ಕಾಗದದ ಮೇಲೆ.

ಕಾಗದಕ್ಕೆ ಗೊತ್ತಿರಲಿಲ್ಲ,
ಇಲ್ಲಿ ರಾಟೆ ಕೆಟ್ಟರೆ "ಮುನಿಬೈರಾ" ಎಂದೊಂದು ಕೂಗು ಸಾಕು,
ಬೀಡಿ ಆರುವ ಮೊದಲೇ ಅವನು ಬಾಗಿಲಲ್ಲಿ.
ಷಂಷಾದಳಿಗೆ ಜ್ವರ ಬಂದರೆ ಗೋಡೆಯಾಚೆಯಿಂದ ನಾದಿನಿ ಬಂದು
ಬಿಸಿನೀರಿಗೆ ಕೈಯಿಡುತ್ತಾಳೆ.
ಗೂಡಿನ ಮಾರುಕಟ್ಟೆಗೆ ಹೋಗುವ ಮೊದಲೇ
ಟೀ ಅಂಗಡಿಯ ಬೆಂಚು ಹೇಳುತ್ತದೆ
ಯಾವ ಊರಿನ ಲಾಟು ಸಪ್ಪೆ,
ಯಾವುದರಲ್ಲಿ ರೆಂಡಿಟ್ಟ ಎಂಟು ದಾಟುತ್ತದೆ.
ಹೆಚ್ಚಾದ ಗೂಡು ಪಕ್ಕದವನ ಬಾಣಲೆಗೆ,
ಕೈಬದಲು, ಬಾಯಿಮಾತು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಆಸ್ತಿ ಎನ್ನೋಣವೆಂದರೆ ಅಡವಿಡಲು ಬರುವುದಿಲ್ಲ.
ಸಾಲ ಎನ್ನೋಣವೆಂದರೆ ಯಾರೂ ವಾಪಸು ಕೇಳಿಲ್ಲ.

ಮಳೆ ಹಿಡಿದ ವಾರ ಶೆಡ್ಡಿನ ಮೋಟಾರು ನಿಂತಿತು.
"ನಾಳೆ ಬತ್ತೀನಿ" ಅಂದ ಮುನಿಬೈರಪ್ಪ, ಫೋನಿನಲ್ಲಿ.
ಅವನ ನಾಳೆಗೂ ಶೆಡ್ಡಿಗೂ ಒಂಬತ್ತು ಕಿಲೋಮೀಟರು.
ಮೂರನೆಯ ದಿನ ಬಂದ, ಬೇರಿಂಗು ಬೇಕೆಂದ.
ಐದನೆಯ ರಾತ್ರಿ ಒಣಗಿಸದೆ ಉಳಿದ ಗೂಡನ್ನು
ಚಿಟ್ಟೆಗಳು ಒಳಗಿನಿಂದ ಕೊರೆದವು.
"ಬಿಳೀ ಚಿಟ್ಟೆ, ಅಮ್ಮಾ, ಶೆಡ್ಡು ತುಂಬಾ.
ನೋಡೋಕೆ ಚೆನ್ನಾಗೇ ಇದೆ" ಅಂದ ಇನಾಯತ್.
ನಕ್ಕನೋ ಕೆಮ್ಮಿದನೋ.
ನಾನು ಅಂಕಿಯಷ್ಟೇ ಬರೆದೆ. ಚಿಟ್ಟೆ ಎಂದು ಬರೆಯಲಿಲ್ಲ.

ಹಾಗಂತ ಓಣಿಯೇನು ತಾಯಿಯ ಮಡಿಲಲ್ಲ.
ಅದೇ ಕಾರ್ತಿಕದಲ್ಲಿ
ಚೀನಾ ನೂಲು ಬಂದಿಳಿಯಿತಂತೆ ಎಂಬ ಮಾತು
ಅದೇ ಬೆಂಚಿನಿಂದೆದ್ದು
ಸಂಜೆಯೊಳಗೆ ಎಲ್ಲ ಬಾಗಿಲು ತಟ್ಟಿತು.
ಒಬ್ಬ ಮಾರಿದ, ಅವನನ್ನು ನೋಡಿ ಇನ್ನೊಬ್ಬ,
ದರ ಪಾತಾಳ ಕಂಡಿತು.
ಅಷ್ಟೂ ಪುಸ್ತಕಗಳಲ್ಲಿ ಒಂದೇ ತಾರೀಖು, ಒಂದೇ ಕೆಂಪು ಶಾಯಿ.
ಕೂಗು ಮುಟ್ಟುವಷ್ಟು ಹತ್ತಿರವಿದ್ದರೆ
ಕೆಮ್ಮೂ ಅಂಟುತ್ತದೆ.
ಮಾತು ತಲುಪದೆ ನೂಲು ಹಿಡಿದಿಟ್ಟವನು
ಬೈಪಾಸಿನಾಚೆಯ ಇನಾಯತ್ ಒಬ್ಬನೇ.
ಹದಿನೈದು ದಿನ ಬಿಟ್ಟು ಒಳ್ಳೇ ದರಕ್ಕೆ ಮಾರಿದ.
ಅದನ್ನೂ ಬರೆದಿದ್ದೇನೆ, ಹಸಿರು ಶಾಯಿಯಲ್ಲಿ.

ಆದರೂ ವಾಪಸು ಬಂದ.
ಯಾಕೆ ಎಂದು ಕೇಳಿದರೆ "ಅಲ್ಲಿ ಟೀ ಸರಿಯಿಲ್ಲ" ಅನ್ನುತ್ತಾನೆ.
ಶೆಡ್ಡೀಗ ದ್ರಾಕ್ಷಿ ಪೆಟ್ಟಿಗೆಯವರಿಗೆ ಬಾಡಿಗೆಗೆ ಹೋಗಿದೆ,
ಓಣಿಯ ಕೊನೆಯ ಮನೆಯ ಹಿತ್ತಲಲ್ಲಿ ನಾಲ್ಕು ಬಾಣಲೆ,
ಮೂರು ಪಟ್ಟು ಬಾಡಿಗೆ, ಮತ್ತೊಂದು ಸಾಲದ ಅರ್ಜಿ.

ಘಟಕದ ಸ್ಥಳ: ಮುನಿಬೈರಪ್ಪನ ಅಂಗಡಿಗೆ ಕೂಗಳತೆ,
ಎಂದು ಬರೆದೆ.
ಬ್ಯಾಂಕಿನ ಹುಡುಗ ಅದರ ಮೇಲೆ ಗೆರೆಯೆಳೆದು
ಪಿನ್ ಕೋಡು ತುಂಬಿಸಿದ.

ಮರುದಿನ ಸ್ಥಳ ಪರಿಶೀಲನೆಗೆ ಬಂದ, ಮೂಗಿಗೆ ಕರ್ಚೀಫು,
ಕೈಯಲ್ಲಿ ಫೋನಿನ ನಕ್ಷೆ. ಎರಡು ಸಲ ಅದೇ ಮೋರಿ ದಾಟಿ,
ಕೊನೆಗೆ ನನ್ನನ್ನೇ ಕೇಳಿದ,
"ಮೇಡಂ, ಇನಾಯತುಲ್ಲಾ ಅವರ ಫ್ಯಾಕ್ಟರಿ ಎಲ್ಲಿ?"

ದಾರಿ ಹೇಳಲಿಲ್ಲ. ಕೂಗಿದೆ.
ಒಂದು ಹೆಸರಿಗೆ
ನಾಲ್ಕು ಬಾಗಿಲು ತೆರೆದವು.