ಬೂದಿ ಬುಧವಾರ, ಎರಡನೇ ಪಿರಿಯಡ್

ಬೆಳಗಿನ ಪೂಜೆಯಲ್ಲಿ ಫಾದರ್ ಹೆಬ್ಬೆರಳೊತ್ತಿ
ಮಣ್ಣು ನೀನು, ಮಣ್ಣಿಗೇ ಮರಳುವೆ
ಎಂದಿಟ್ಟ ಬೂದಿಯನ್ನು ಒರೆಸದೆ ಹಾಗೇ ಬಂದಿದ್ದೇನೆ
ಒಂಬತ್ತನೇ ಬಿ ಸೆಕ್ಷನ್ನಿಗೆ,
ಆಮ್ಲ ಕ್ಷಾರದ ಪಾಠಕ್ಕೆ.

‘ಮಿಸ್, ನೀವೂ ಈಬತ್ತಿ ಹಚ್ಚೀರಿ!’
ಮುಂದಿನ ಬೆಂಚಿನ ಕೊಟ್ರೇಶ.
‘ಈಬತ್ತಿ ಅಲ್ಲಲೇ, ಶಿಲುಬೆ’ ಲೂರ್ದಮೇರಿ ತಿದ್ದಿದಳು.
ಉಪದೇಶಿಯ ಮೊಮ್ಮಗಳು, ತಿದ್ದುವುದು ಹುಟ್ಟುಗುಣ.
‘ಎಲ್ಲಿ ಬೂದಿ ಮಿಸ್?’
ಕೇಳಿದ ಮೇಲೆ ಹೇಳಬೇಕಲ್ಲ.
ಹೋದ ವರ್ಷ ಗರಿಗಳ ಭಾನುವಾರ
ಹಾಡುತ್ತ ಹಿಡಿದು ನಡೆದ ತೆಂಗಿನ ಎಳೆಗರಿ
ವರ್ಷವಿಡೀ ಪಟದ ಹಿಂದೆ ಒಣಗಿ, ಹಲ್ಲಿ ಮೊಟ್ಟೆಯಿಟ್ಟು,
ಮೊನ್ನೆ ಚರ್ಚಿನ ಹಿತ್ತಲಲ್ಲಿ ಹಳೇ ಬಾಣಲೆಯೊಳಗೆ ಉರಿದದ್ದು.

‘ಹಂಗಾದ್ರೆ ಪೊಟ್ಯಾಶಿಯಂ ಇರ್ತತಿ’
ಎಂದಿತು ಗೋಡೆಗೊರಗಿದ ಹಿಂದಿನ ಬೆಂಚು.
ನಯಾಜ್. ರೋಲ್ ನಂಬರ್ ಇಪ್ಪತ್ಮೂರು.
ಈ ತಿಂಗಳು ಅವನಾಡಿದ ಮೊದಲ ಮಾತು.

ಸ್ಮಾರ್ಟ್ ಬೋರ್ಡಿಗೆ ಕರೆಂಟಿರಲಿಲ್ಲ, ದೇವರ ದಯೆ.
ಮೂರು ಬೀಕರ್ ಇಟ್ಟೆ.
ಕವರಿನಲ್ಲಿ ತಂದಿದ್ದ ಗರಿಯ ಬೂದಿ ಒಂದಕ್ಕೆ.
ಕೊಟ್ರೇಶನ ಕಂಪಾಸ್ ಬಾಕ್ಸಿನಲ್ಲಿ
ಪರೀಕ್ಷೆಯ ಕಾವಲಿಗೆ ಅಜ್ಜಿ ಇಟ್ಟ ವಿಭೂತಿ ಗಟ್ಟಿಯಿತ್ತು,
ಅದರ ಚೂರು ಇನ್ನೊಂದಕ್ಕೆ.
ನಯಾಜ್ ಎದ್ದ. ಮಡಚಿದ ತೋಳು ಬಿಚ್ಚಿ
ಮೂರನೆಯದರ ಮೇಲೆ ಕೊಡವಿದ.
ಬಾಷಾ ನಗರದ ಮಂಡಕ್ಕಿ ಭಟ್ಟಿ,
ರಾತ್ರಿ ಹತ್ತರಿಂದ ಬೆಳಗಿನ ಐದು,
ಹೊಟ್ಟಿನ ಬೂದಿ ಅಂಗಿಯಲ್ಲೇ ಇತ್ತು.
ಯಾರೋ ನಕ್ಕರು. ಆಮೇಲೆ ನಗಲಿಲ್ಲ.

ಕೆಂಪು ಕಾಗದ ಮೂರರಲ್ಲೂ ನೀಲಿಯಾಯಿತು.

ನೀತಿಪಾಠದ ವಾಕ್ಯವೊಂದು ನಾಲಿಗೆ ತುದಿಗೆ ಬಂತು,
ಹಳೇ ನೆಂಟನ ಹಾಗೆ, ಚಪ್ಪಲಿ ಬಿಡುವ ಮೊದಲೇ ಮಾತು ಶುರು.
ನುಂಗಿದೆ.
ಮೂರೂ ಒಂದೇ ಎಂದು ಲಿಟ್ಮಸ್ ಹೇಳಿಲ್ಲ,
ಕ್ಷಾರ ಇದೆ ಎಂದಿದೆ, ಅಷ್ಟೆ.
‘ಕಂಡಷ್ಟೇ ಬರೀರಿ’ ಅಂದೆ.
ಕಂಡಷ್ಟೇ ಬರೆಯುವುದೂ ಪ್ರಾರ್ಥನೆಯೇ ಎಂಬುದು
ನನ್ನ ನಂಬಿಕೆ, ಸಿಲಬಸ್ಸಿನಲ್ಲಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಸಿಸ್ಟರ್ ಎಡ್ವಿಜ್
ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿದರು.
ನಯಾಜ್, ಶೇಕಡಾ ಅರವತ್ತೊಂದು.
ಎಪ್ಪತ್ತೈದಿಲ್ಲದೆ ಹತ್ತನೇ ಕ್ಲಾಸಿಲ್ಲ.
‘ಒಂದಷ್ಟು ಪಿ ಹಾಕ್ಬಿಡಿ ಮಿಸ್, ಯಾರು ನೋಡ್ತಾರೆ’
ಗುಮಾಸ್ತ ಪೆನ್ನು ಮುಂದೆ ಹಿಡಿದ. ಒಳ್ಳೆಯ ಮನುಷ್ಯ.

ಕಾಟನ್ ಮಿಲ್ಲಿನಲ್ಲಿ ಟೈಮ್ ಕೀಪರ್ ನಮ್ಮಪ್ಪ, ಇನ್ನಾಸಪ್ಪ.
ತಡವಾಗಿ ಬಂದ ಒಡಹುಟ್ಟಿದ ತಮ್ಮನಿಗೇ
ಅರ್ಧ ದಿನ ಎಂದು ಬರೆದವನು.
ಅದೇ ಸಂಜೆ ಅವನ ಮನೆಗೆ
ಜೋಳದ ಚೀಲ ಹೊತ್ತು ನಡೆದವನೂ ಅವನೇ.
ಎರಡನ್ನೂ ಯಾರಿಗೂ ವಿವರಿಸಲಿಲ್ಲ.

‘ಪಿ ಹಾಕಲ್ಲ ಸಿಸ್ಟರ್’ ಅಂದೆ.
‘ಬೆಳಿಗ್ಗೆ ಆರೂವರೆಗೆ ಲ್ಯಾಬ್ ತೆಗೀತೀನಿ.
ಸ್ಪೆಷಲ್ ಕ್ಲಾಸು. ಭಟ್ಟಿಯಿಂದ ನೇರ ಬರಲಿ, ಬಂದಷ್ಟು ದಿನ ಬರಕೊಳ್ಳಿ.’
ಅವರು ಬಹಳ ಹೊತ್ತು ಕಿಟಕಿಯಾಚೆ ನೋಡಿದರು,
ನೂರಕ್ಕೆ ನೂರು ಎಂದ ಬ್ಯಾನರು ಗಾಳಿಗೆ ಒಂದು ಕಡೆ ಬಿಚ್ಚಿಕೊಂಡಿತ್ತು.
ಆಮೇಲೆ ಜೇಬಿನಿಂದ
ಜಪಸರಕ್ಕೆ ಸಿಕ್ಕಿಕೊಂಡಿದ್ದ ಕೀಲಿ ಬಿಡಿಸಿ ಕೊಟ್ಟರು.
‘ಫ್ಯಾನ್ ಆರಿಸಿ ಹೋಗಿ’ ಎಂದರು.

ರಿಜಿಸ್ಟರಿನ ಇಪ್ಪತ್ಮೂರನೇ ಸಾಲಿನಲ್ಲಿ
ನನ್ನ ಹೆಬ್ಬೆರಳ ಬೂದಿಗುರುತು.
ಹಣೆಯದೋ, ಭಟ್ಟಿಯದೋ.
ಉಜ್ಜಿದರೆ ಇನ್ನಷ್ಟು ಹರಡಿತು.

ಗುರುವಾರ ಆರೂವರೆ.
ಗೇಟಿಗೊರಗಿದ ಸೈಕಲ್ಲು, ಕೆಂಪು ಕಣ್ಣು,
ಪೇಪರಿನ ಪೊಟ್ಟಣದಲ್ಲಿ ಇನ್ನೂ ಬಿಸಿಯಿದ್ದ ಮಂಡಕ್ಕಿ.
‘ನಿಮ್ಮ ಉಪವಾಸ ಮುಗೀತಾ ಮಿಸ್?’
‘ನಲವತ್ತು ದಿನ ಐತಪ್ಪ’ ಅಂದೆ,
‘ಮಂಡಕ್ಕಿಗೆ ಅಡ್ಡಿಯಿಲ್ಲ.
ಮೊದಲು ಕೈ ತೊಳಕೊಂಡು ಬಾ.’