ಕರ್ತೃಪದ

ಸೊಹಾರ್ ಬಂದರಿನ ಹಿಂದೆ, ನಮ್ಮ ಶೀತಲ ಗೋದಾಮಿನಲ್ಲಿ
ಹನ್ನೊಂದು ವರ್ಷ ಯಾರೂ ಏನನ್ನೂ ಕೆಡಿಸಲಿಲ್ಲ.
ಕೆಟ್ಟುಹೋಗುತ್ತಿತ್ತು, ಅಷ್ಟೆ.
ಬಾಗಿಲು ತೆರೆದುಕೊಂಡಿರುತ್ತಿತ್ತು.
ಪೆಟ್ಟಿಗೆ ಬಿದ್ದಿರುತ್ತಿತ್ತು.
ಚೀಟಿ ಅದಲುಬದಲಾಗಿ, ದುಬೈಗೆ ಹೋಗಬೇಕಾದ ಸಿಗಡಿ
ಸಲಾಲಾದ ಲಾರಿ ಹತ್ತಿ ಹೊರಟುಬಿಟ್ಟಿರುತ್ತಿತ್ತು.
ಸಿಗಡಿಗೆ ಕಾಲುಗಳೇನು ಕಡಿಮೆಯೆ?

ಮಲಯಾಳಿ, ನೇಪಾಳಿ, ಬಲೂಚಿ, ಗಂಗೊಳ್ಳಿಯ ನಾನು.
ಒಬ್ಬರ ಮಾತು ಒಬ್ಬರಿಗೆ ಬಾರದಿದ್ದರೂ
ಈ ಒಂದು ವ್ಯಾಕರಣ ಎಲ್ಲರಿಗೂ ಬಾಯಿಪಾಠ:
ಹೋ ಗಯಾ. ಖಲಾಸ್. ಆಯ್ತಲ್ಲ ಮಾರಾಯ.

ಹೆಸರು ಸಿಕ್ಕರೆ ಸಂಬಳ ಕಡಿತ;
ಹಾಗಾಗಿ ಹೆಸರು ಸಿಗುತ್ತಿರಲಿಲ್ಲ.
ಸಿಕ್ಕಿದರೆ ಅದು ಅವತ್ತು ರಜೆಯಲ್ಲಿದ್ದವನದು,
ಇಲ್ಲವೆ ಮೊನ್ನೆ ಮೊನ್ನೆ ಬಂದವನದು.

ಮೂರನೇ ಕೋಣೆಯ ಕಂಪ್ರೆಸರ್ ನಿಂತ ರಾತ್ರಿ ನನ್ನ ಪಾಳಿ.
ಗಂಟೆಗೊಮ್ಮೆ ಹೋಗಿ ನೋಡಿ ಬರೆಯಬೇಕು.
ಹತ್ತಕ್ಕೇ ಕೂತು ಬೆಳಗಿನ ಆರರ ತನಕ
ಮೈನಸ್ ಹದಿನೆಂಟು, ಮೈನಸ್ ಹದಿನೆಂಟು,
ನಿಜದಂತೆ ಕಾಣಲೆಂದು ಒಂದು ಕಡೆ ಹದಿನೇಳು,
ತುಂಬಿಸಿ, ಜಾಕೆಟ್ ಹೊದ್ದು ಮಲಗಿದೆ.
ಎಲ್ಲರೂ ಹಾಗೇ ಮಾಡುತ್ತಿದ್ದರು.
ಈ ವಾಕ್ಯಕ್ಕೆ ಕರ್ತೃಪದ ಇದೆ, ನೋಡಿ: ಎಲ್ಲರೂ.
ಒಳಗೆ ಹೋಗಿ ಹುಡುಕಿದರೆ ಒಬ್ಬನೂ ಇಲ್ಲ.

ಮೂರು ಟನ್ ಅಂಜಲು.
ಮೀನಿನ ಕಣ್ಣು ಬಿಳಿಚಿದರೆ ಏನೆಂದು
ಗಂಗೊಳ್ಳಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ.
ಬೆಳಿಗ್ಗೆ ಬಾಗಿಲು ತೆಗೆದವನು ಧನ್‌ರೂಪ್ ಘಲೆ.
ತೆಗೆದವನದೇ ತಪ್ಪು ಎಂದಾಯಿತು.
ನಲವತ್ತು ರಿಯಾಲ್, ಎರಡು ಕಂತು.
ಮುಂದಿನ ವರ್ಷ ಅವನ ವೀಸಾ ನವೀಕರಿಸಲಾಗಲಿಲ್ಲ.

ಆಮೇಲೆ ಶಮ್ಸಾ ಬಂದಳು, ಶಿನಾಸಿನ ಮೀನುಗಾರನ ಮಗಳು.
ಪರದೆ ಇಳಿಬಿಟ್ಟು ಒಂದು ಭಾಷಣ ಮಾಡಿದಳು, ನಿದ್ದೆ ಮಾಡಿದೆವು.
ಮರುವಾರ ಭಾಷಣ ಇಲ್ಲ, ಬರೀ ಒಂದು ದಪ್ಪ ಪುಸ್ತಕ,
ದಾರ ಕಟ್ಟಿದ ಪೆನ್ನು. ಮೊದಲ ಪುಟದಲ್ಲಿ ಅವಳದೇ ಅಕ್ಷರ:
ನಾನು ಮಂಗಳವಾರ ಲಾರಿಯ ಹೊತ್ತು ತಪ್ಪಾಗಿ ಹೇಳಿದೆ.
ನಿಮ್ಮನ್ನು ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದೆ.
ನಿಯಮ ಎರಡೇ: 'ನಾನು' ಎಂದು ಶುರುಮಾಡಬೇಕು.
ಬರೆದವರ ಸಂಬಳಕ್ಕೆ ಕೈ ಹಾಕುವುದಿಲ್ಲ.

ಮೂರು ವಾರ ಎರಡನೇ ಪುಟ ಖಾಲಿ.
ಪೆನ್ನು ಮಾತ್ರ ಎರಡು ಸಲ ಕಳೆದುಹೋಯಿತು.
ಕೊನೆಗೆ ಪುರುಷೋತ್ತಮನ್ ಏಟ್ಟ ಬರೆದ,
ಫೋರ್ಕ್‌ಲಿಫ್ಟ್ ಕಂಬಕ್ಕೆ ಗುದ್ದಿಸಿದ್ದನ್ನು.
ಸಂಬಳದ ದಿನ ಅವನ ಚೀಟಿಯ ಸುತ್ತ ಹದಿನಾಲ್ಕು ತಲೆ.
ಪೂರ್ತಿ ಬಂದಿತ್ತು. ಇನ್ನೊಮ್ಮೆ ಎಣಿಸಿದೆವು.

ಪುಟಗಳು ತುಂಬಿದವು. ದುರ್ ಮೊಹಮ್ಮದ್
ನಮ್ಮೆಲ್ಲರ ತಪ್ಪುಗಳನ್ನೂ ತಾನೇ ಬರೆಯತೊಡಗಿ ಬೈಸಿಕೊಂಡ.
ನಾನು ಬಾಗಿಲು ಹಾಕಿದ್ದೆ, ನಾನೂ ಹಾಕಿದ್ದೆ, ನಾನೂ,
ಎಂದು ಒಂದೇ ಬಾಗಿಲಿನ ಬಗ್ಗೆ ಆರು ಕೈಬರಹ ಕೂಡಿದಾಗ
ಮೆಕ್ಯಾನಿಕ್ ಬಂದು ನೋಡಿದ: ಅಂಚಿನ ರಬ್ಬರು ಸವೆದಿತ್ತು.
ಅದು ನಿಜವಾಗಿಯೂ ತಾನಾಗೇ ತೆರೆದುಕೊಳ್ಳುತ್ತಿತ್ತು!
ಹನ್ನೊಂದು ವರ್ಷ ನಾವು ಹೇಳಿದ ಒಂದೇ ಒಂದು ಸತ್ಯವನ್ನು
ನಾವೇ ನಂಬಿರಲಿಲ್ಲ.
ಆ ಬೇಸಿಗೆ ಎಸೆದ ಮೀನು, ಹಿಂದಿನದರ ಕಾಲುಭಾಗ.

ಒಂದು ರಾತ್ರಿ ನಾನು ಹಳೆಯ ತಾರೀಕು ಹಾಕಿ
ಮೂರನೇ ಕೋಣೆ, ಅಂಜಲು, ಹದಿನೇಳು, ಎಲ್ಲ ಬರೆದೆ.
ಶಮ್ಸಾ ಓದಿದಳು. ಭೇಷ್ ಅನ್ನಲಿಲ್ಲ.
"ಅವನ ನಲವತ್ತು?" ಎಂದಳು.
ಮಸ್ಕತ್ತಿಗೆ ಪತ್ರ ಬರೆದಳು. ಉತ್ತರ ಇನ್ನೂ ಅದೇ:
ಪರಿಶೀಲಿಸಲಾಗುತ್ತಿದೆ.

ನಾನೇ ಕಳಿಸಿದೆ. ಯಾಕೆಂದೂ ಬರೆದೆ,
ನನ್ನ ಹರಕು ಹಿಂದಿಯಲ್ಲಿ, 'ನಾನು' ಎಂದು ಶುರುಮಾಡಿ.
ನಾಲ್ಕು ದಿನ ಬಿಟ್ಟು ಫೋನಿನಲ್ಲಿ ಒಂದು ಸಾಲು:
ಪೈಸಾ ಆ ಗಯಾ.
ಹಣ ಬಂತು.
ಕಾಲಿದ್ದ ಹಾಗೆ, ತಾನಾಗೇ
ನಡೆದುಕೊಂಡು.