ನಿಯಮ ಏಳು

ಸುತ್ತೋಲೆ ಬರೆದವನು ನಾನೇ.
ಮೂವತ್ತೊಂದು ವರ್ಷ ಮೀಟರು ಓದಿದವನಿಗೆ
ತಂತಿಯ ಸಂಗತಿ ಗೊತ್ತಿರುತ್ತದೆಂದು
ಕನಕಗಿರಿ ಏಳನೇ ಕ್ರಾಸಿನ ಸಂಘ
ಬೆರಳು ತೋರಿಸಿತು ನನ್ನ ಕಡೆಗೆ.
ಅಧ್ಯಕ್ಷ ಪುಟ್ಟಬಸವಪ್ಪನವರು ಹೇಳಿದರು:
"ಸ್ವಲ್ಪ ಖಡಕ್ಕಾಗಿರಲಿ."

ಬರೆದೆ.
ದಸರೆಗೆ ಮನೆ ಮುಂದೆ ಸೀರಿಯಲ್ ಸೆಟ್ ಬಿಡಬಹುದು,
ಕಾಂಪೌಂಡು ದಾಟಕೂಡದು.
ಕರೆಂಟು ಕಂಬಕ್ಕೆ ಕಟ್ಟಕೂಡದು, ಬೇವಿನ ಮರಕ್ಕೂ.
ಮಿಣಮಿಣ ಮಿನುಗುವಂಥದ್ದು ಬೇಡ,
ಶೇಷಾದ್ರಿಯವರಿಗೆ ತಲೆಸುತ್ತು.
ಆಯುಧಪೂಜೆಯಲ್ಲಿ ಒಡೆದ ಕುಂಬಳಕಾಯಿ
ಒಡೆದವರೇ ಎತ್ತಬೇಕು, ಸ್ಕೂಟರು ಜಾರುವ ಮುಂಚೆ.
ಬಾಳೆಕಂದು ಮೂರನೇ ದಿನ ಬಿಚ್ಚಬೇಕು.
ಬೊಂಬೆಗಳು ಒಳಗೆ ಕೂತಿರುತ್ತವೆ,
ಅವುಗಳ ತಂಟೆ ನಮಗೆ ಬೇಡ.
ಹತ್ತೂವರೆಗೆ ಎಲ್ಲ ಆರಬೇಕು.
ಅರಮನೆಯೇ ಆರುತ್ತದಲ್ಲ, ನಾವೇನು ಅದಕ್ಕಿಂತ ದೊಡ್ಡವರೆ?
ಈ ಕೊನೆಯ ಸಾಲನ್ನು ಪುಟ್ಟಬಸವಪ್ಪ ಹೊಡೆದುಹಾಕಿದರು.

ಏಳನೆಯದು: ವಿಜಯದಶಮಿ ಕಳೆದು ಏಳು ದಿನಕ್ಕೆ
ಗೋಡೆ ಮೊದಲಿನ ಹಾಗಿರಬೇಕು.
ತಪ್ಪಿದರೆ ಇನ್ನೂರು ರೂಪಾಯಿ. ರಸೀದಿ ಕೊಡಲಾಗುವುದು.

ಎಲ್ಲರೂ ಒಪ್ಪಿದರು. ಉಪ್ಪಿಟ್ಟು ಚೆನ್ನಾಗಿತ್ತು.

ಹಬ್ಬ ಮುಗಿಯಿತು, ಬನ್ನಿ ಕೊಟ್ಟು ಕೊಂಡದ್ದಾಯಿತು.
ಎಂಟನೆಯ ರಾತ್ರಿ ಒಂದು ಮನೆಯ ಮೇಲೆ
ಇನ್ನೂ ಇಳಿಬಿದ್ದಿತ್ತು ಹಸಿರು, ಹಳದಿ, ಕೆಂಪು.
ಸಿಸ್ಟರ್ ರೆಜಿನಾ, ಚೆಲುವಾಂಬ ಆಸ್ಪತ್ರೆ, ಬಾಡಿಗೆ ಮನೆ.
ನೋಟಿಸು ಹಿಡಿದು ಹೋದೆ.
ಗೇಟಿನ ಪಕ್ಕ, ಅದೇ ಬೆಳಕಿನಲ್ಲಿ,
ಸಣ್ಣತಾಯಮ್ಮ ನಾಳೆಯ ಮಾರು ಕಟ್ಟುತ್ತಿದ್ದಳು.
ಕಾಕಡ, ಮರುಗ, ಕಾಕಡ.
ಬಿಳಿ ಹೂವಿಗೆ ಮಡಿಲಲ್ಲಿ ಮೂರು ಬಣ್ಣ.
"ಏನ್ ಸಾಮಿ, ಮೀಟ್ರಾ?" ಅಂದಳು ಹಳೆ ರೂಢಿಯಲ್ಲಿ.

ರೆಜಿನಾ ನೈಟ್ ಡ್ಯೂಟಿಗೆ ಹೊರಟಿದ್ದಳು.
ನಿಂತೇ ಓದಿದಳು, ಔಷಧಿ ಚೀಟಿಯ ಹಾಗೆ, ಎರಡು ಸಲ.
"ತಪ್ಪಾಯ್ತು ಸಾರ್, ಬೆಳಿಗ್ಗೆ ಬಂದು ತೆಗೀತೀನಿ."
ಬೇರೇನೂ ಹೇಳಲಿಲ್ಲ.
ಹೇಳಿದ್ದರೆ ಜಗಳವಾಡಬಹುದಿತ್ತು.

ಮಾರನೆಯ ರಾತ್ರಿ ವಾಕಿಂಗಿನಿಂದ ಬರುತ್ತಾ
ಆ ಗೇಟಿನ ಮುಂದೆ ಕಾಲಿಟ್ಟೆ,
ಚರಂಡಿಯ ಚಪ್ಪಡಿ ಇರಬೇಕಾದಲ್ಲಿ ಇರಲಿಲ್ಲ.
ಮೊಣಕಾಲು ಉಜ್ಜುತ್ತಾ ಕೂತು ತಲೆಯೆತ್ತಿದೆ.
ಬೀದಿದೀಪ ಸತ್ತಿದೆ.
ಕಂಬದ ನಂಬರು ನನಗೆ ಬಾಯಿಪಾಠ,
ದೀಪ ಹೋದದ್ದೇ ಗೊತ್ತಿರಲಿಲ್ಲ.
"ಯುಗಾದಿಯಿಂದ್ಲೂ ಹಂಗೇ ಅದೆ" ಎಂದಿತು ಕತ್ತಲು
ಸಣ್ಣತಾಯಮ್ಮನ ದನಿಯಲ್ಲಿ.
ಅವಳ ಬೆರಳು ಹೂವನ್ನು ತಡವಿ ತಡವಿ
ಗಂಟು ಹಾಕುತ್ತಿರುವುದು ಕೇಳಿಸಿತು,
ದಾರ ಜೀರೆನ್ನುವ ಸಣ್ಣ ಸದ್ದು.

ಪಾಲಿಕೆಗೆ ಅರ್ಜಿ ಕೊಟ್ಟೆ.
"ನೋಡೋಣ" ಎಂಬುದಕ್ಕೂ ಒಂದು ಸೀಲು ಒತ್ತಿ ಕೊಟ್ಟರು.

ರೆಜಿನಾ ಸೀರಿಯಲ್ ಸೆಟ್ಟನ್ನು
ಖಾಲಿ ಗ್ಲೂಕೋಸ್ ಬಾಟಲಿಗೆ ಸುತ್ತಿಟ್ಟಿದ್ದಳು,
ಎಲ್ಲೂ ಸಿಕ್ಕಾಗದಂತೆ.
"ಒಂದಷ್ಟು ದಿನಕ್ಕೆ ಕೊಡಮ್ಮ" ಎಂದೆ.
ಯಾಕೆಂದು ಕೇಳದೆ ಕೊಟ್ಟಳು.
ನನ್ನ ಮನೆಯಿಂದಲೇ ಕರೆಂಟು ತೆಗೆದೆ.
ಕಾಂಪೌಂಡು ದಾಟಿಸಿದೆ, ಬೇವಿಗೆ ಕಟ್ಟಿದೆ.
ಕಂಬ ಮುಟ್ಟಲಿಲ್ಲ,
ಇಲಾಖೆಯ ಉಪ್ಪು ತಿಂದವನು, ಅಷ್ಟು ಮರ್ಯಾದೆ ಉಳಿಸಿಕೊಂಡೆ.

ಆಮೇಲೆ ಮೇಜಿನ ಮುಂದೆ ಕೂತು
ರಸೀದಿ ಪುಸ್ತಕದ ಮೊದಲ ಹಾಳೆ ತೆರೆದೆ.
ಹೆಸರು: ಎಂ. ಚಿಕ್ಕಲಿಂಗಯ್ಯ.
ಮೊತ್ತ: ಇನ್ನೂರು.
ಕಾರಣ: ನಿಯಮ ಒಂದು, ಎರಡು, ಆರು, ಏಳು.
ಕೊಟ್ಟವರ ಸಹಿ, ಪಡೆದವರ ಸಹಿ,
ಎರಡೂ ಅಂಕುಡೊಂಕು, ಒಂದೇ ಕೈ.

ಹತ್ತೂವರೆ ದಾಟಿತ್ತು.
ಪುಟ್ಟಬಸವಪ್ಪ ನಾಯಿ ಹಿಡಿದು ಬಂದರು.
ಚರಂಡಿಯ ಬಾಯಿ ನೋಡಿ ಸುತ್ತಿಕೊಂಡು ದಾಟಿದರು,
ಗಡಿಯಾರ ನೋಡಿದರು, ಬೇವಿನ ಮರ ನೋಡಿದರು,
ಗಂಟಲು ಸರಿಮಾಡಿಕೊಂಡರು.
"ಕೆಂಪು ಒಂದು ಉರೀತಿಲ್ಲ, ನೋಡಿ" ಅಂದರು.

ನೋಡಿದೆ. ಹೌದು,
ಮೇಲಿನಿಂದ ನಾಲ್ಕನೆಯದು.